ಬಿಚ್ಚಿ ನೋಡಿದವರ ನಗೆ

ರದ್ದಿಯವನ ತಕ್ಕಡಿಯಷ್ಟು ನಿಷ್ಪಕ್ಷಪಾತವಾದ ವಿಮರ್ಶಕನನ್ನು ನಾನು ಈವರೆಗೆ ಕಂಡಿಲ್ಲ. ಅವನ ಮುಂದೆ ಮಹಾಕಾವ್ಯಕ್ಕೂ ಮದುವೆಯ ಕರೆಯೋಲೆಗೂ ಒಂದೇ ದರ. ಕನ್ನಡದಲ್ಲಿ ಎಂ.ಎ. ಮಾಡಿ, ಹತ್ತು ವರ್ಷಗಳಿಂದ ಕಾಲೇಜಿನಲ್ಲಿ ಅಲಂಕಾರಶಾಸ್ತ್ರವನ್ನು ಬೋಧಿಸುತ್ತಿರುವ ನನಗೆ ಈ ಸಮದೃಷ್ಟಿ ಇನ್ನೂ ಸಿದ್ಧಿಸಿಲ್ಲವೆಂಬುದು ಕಳೆದ ದೀಪಾವಳಿಯ ರಜೆಯಲ್ಲಿ ಮನವರಿಕೆಯಾಯಿತು.

ಗಂಗಾವತಿ ತಾಲ್ಲೂಕಿನ ಸಾಣಾಪುರ ನನ್ನ ಸೋದರಮಾವನ ಊರು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ತುಂಬಿ ನಿಂತ ಕೆರೆ. ಅದರ ಸುತ್ತ ಯಾವನೋ ದೈತ್ಯಬಾಲಕ ಗೋಲಿಯಾಡಿ ಹಾಗೆಯೇ ಬಿಟ್ಟೆದ್ದು ಹೋದನೋ ಎಂಬಂತೆ ಬಿದ್ದಿರುವ ಗುಂಡುಬಂಡೆಗಳು. ಬಂಡೆಗಳ ನಡುವೆ ಬತ್ತದ ಗದ್ದೆಗಳು. ಹಂಪಿ, ಆನೆಗೊಂದಿಗಳನ್ನು ನೋಡಲು ಬಂದವರು ಈಚೆಗೆ ಇಲ್ಲಿಗೂ ಬಂದು, ಹರಿಗೋಲಿನಲ್ಲಿ ಕುಳಿತು ಗಿರಗಿರನೆ ತಿರುಗಿ, ತಲೆಸುತ್ತಿ ಇಳಿದು, ಬಹಳ ಆನಂದವಾಯಿತೆಂದು ಹೇಳಿ ಹೋಗುತ್ತಾರೆ. ನಾನು ಮಾವನ ಮನೆಯ ಬಾಗಿಲಿಗೆ ಹೋದಾಗ ಅಲ್ಲಿಯೂ ಒಂದು ಪ್ರದಕ್ಷಿಣೆ ನಡೆದಿತ್ತು. ಅಂಗಳದ ನಡುವೆ ತಗಡಿನ ಟ್ರಂಕು. ಅದರ ಒಂದು ಕಡೆಗೆ ತಕ್ಕಡಿ ಹಿಡಿದ ರದ್ದಿಯವನು. ಇನ್ನೊಂದು ಕಡೆಗೆ ಸೊಂಟಕ್ಕೆ ಸೆರಗು ಸಿಗಿಸಿ ನಿಂತ ಅತ್ತೆ. ಮಾವ ಮಾತ್ರ ಕಟ್ಟೆಯ ಮೇಲೆ ಕುಳಿತು, ತನಗೂ ಈ ವ್ಯವಹಾರಕ್ಕೂ ಸಂಬಂಧವೇ ಇಲ್ಲವೆಂಬಂತೆ ಬಂಡೆಗಳನ್ನು ನೋಡುತ್ತಿದ್ದರು.

“ಇಂಗ್ಲೀಷ್ ಕಾಗದ ಅಕ್ಕಾರ, ಗಟ್ಟಿ ಇರ್ತಾವ. ಕಿಲೋಕ್ಕ ಹನ್ನೆರಡು ರೂಪಾಯಿ ಕೊಡ್ತೀನಿ,” ಎಂದು ರದ್ದಿಯವನು ಹೇಳುತ್ತಿದ್ದ.

ನಾನು ಬಗ್ಗಿ ನೋಡಿದೆ. ಅರವತ್ತರ, ಎಪ್ಪತ್ತರ ದಶಕಗಳ ರೇಡಿಯೋ ಮಾಸಪತ್ರಿಕೆಗಳು. ಅಂಚು ಕಂದಿದವು, ರಕ್ಷಾಪುಟ ಹರಿದವು. ಮೇಲಿನದನ್ನು ತೆರೆದೊಡನೆ ಒಂದು ನಗೆಚಿತ್ರ ಕಣ್ಣಿಗೆ ಬಿತ್ತು. ಅದರ ಹಿಂದೆಯೇ ನನ್ನ ಬಾಲ್ಯದ ಬೇಸಗೆ ರಜೆಗಳೆಲ್ಲ ಎದ್ದು ಬಂದವು. ನಾನು ಹದಿನಾಲ್ಕು ರೂಪಾಯಿಯ ದರದಲ್ಲಿ ಟ್ರಂಕನ್ನು ಕೊಂಡುಬಿಟ್ಟೆ. ಸೋದರಳಿಯನಿಂದ ಹಣ ತೆಗೆದುಕೊಳ್ಳಬಾರದೆಂದು ಅತ್ತೆಗೆ ಹೊಳೆದದ್ದು, ಹಣವನ್ನು ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಂಡ ಮೇಲೆ.

ಮಾವ ಗಂಗಾವತಿಯಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದವರು. ಎಪ್ಪತ್ತರ ದಶಕದಲ್ಲಿ ತೆರೆದ ಅಂಗಡಿ. ರೇಡಿಯೋ ಹೋಗಿ ಟೇಪ್‌ರೆಕಾರ್ಡರ್, ಅದು ಹೋಗಿ ಟೆಲಿವಿಷನ್, ಹೀಗೆ ಒಂದೊಂದೇ ಅವತಾರಕ್ಕೆ ಸಲಾಮು ಹಾಕುತ್ತ ನಡೆದು, ಮೊಬೈಲಿನ ಅವತಾರವಾದ ಮೇಲೆ ಬಾಗಿಲು ಮುಚ್ಚಿತು. ಅವರು ಓದಿದ್ದು ಎಸ್.ಎಸ್.ಎಲ್.ಸಿ.ಯವರೆಗೆ. ಇಂಗ್ಲೀಷು ಅವರಿಗೆ ಬರುತ್ತಿರಲಿಲ್ಲವೆನ್ನುವುದು ತಪ್ಪಾದೀತು. ರೇಡಿಯೋವಿನ ಒಳಗೆ ಎಷ್ಟು ಇಂಗ್ಲೀಷು ಇರುತ್ತದೆಯೋ ಅಷ್ಟು ಬರುತ್ತಿತ್ತು. ಬಿಡಿಭಾಗಗಳನ್ನು ತರಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗಲೆಲ್ಲ ಹತ್ತಿರದ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಮಾರುವವರ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ಈ ಪತ್ರಿಕೆಗಳನ್ನು ಆರಿಸಿ ತರುತ್ತಿದ್ದರು. ಅದರಲ್ಲಿ ಅವರಿಗೆ ಬೇಕಾದದ್ದು ಎರಡೇ: ಸರ್ಕ್ಯೂಟಿನ ನಕ್ಷೆ, ನಗೆಚಿತ್ರ. ನಕ್ಷೆಯನ್ನು ಮಡಿಸಿ ಮೇಜಿನ ಖಾನೆಗೆ ಹಾಕುವರು. ನಗೆಚಿತ್ರವನ್ನು ಕತ್ತರಿಸಿ ಮೈದಾಹಿಟ್ಟಿನ ಅಂಟಿನಿಂದ ಅಂಗಡಿಯ ಗೋಡೆಗೆ ಅಂಟಿಸುವರು. ದೇವರ ಪಟಕ್ಕೆಂದು ಒಂದು ಮೊಳ ಜಾಗ ಉಳಿದಿದ್ದುದು ಅತ್ತೆಯ ಪುಣ್ಯ.

ಆ ಚಿತ್ರಗಳ ಜಾತಿಯನ್ನು ವಾಚಕರಿಗೆ ಸ್ವಲ್ಪ ಪರಿಚಯ ಮಾಡಿಕೊಡಬೇಕು. ಉತ್ಸಾಹಿಯೊಬ್ಬ ಪುಸ್ತಕ ನೋಡಿ ರೇಡಿಯೋ ಜೋಡಿಸಿದ್ದಾನೆ. ರೇಡಿಯೋ ಸೊಗಸಾಗಿ ಹಾಡುತ್ತಿದೆ. ಆದರೆ ಮೇಜಿನ ಮೇಲೆ ಇನ್ನೂ ಒಂದು ಬೊಗಸೆ ಬಿಡಿಭಾಗ ಉಳಿದಿದೆ. ಇನ್ನೊಬ್ಬ ಪಾಠದಲ್ಲಿ ಮೈಮರೆತು ಬೆಸುಗೆಯ ಕಡ್ಡಿಯನ್ನು ಬಿಸಿಯಾದ ತುದಿಯಲ್ಲೇ ಹಿಡಿಯಲು ಹೊರಟಿದ್ದಾನೆ. ಮತ್ತೊಬ್ಬ ಹವ್ಯಾಸಿ ಮಾಳಿಗೆಯಲ್ಲಿ ಕುಳಿತು ಪ್ರಪಂಚದ ಆಚೆ ಕೊನೆಯವನೊಡನೆ ಮಾತನಾಡುತ್ತಿದ್ದರೆ, ಆ ಮಾತೆಲ್ಲ ಪಕ್ಕದ ಮನೆಯ ಟೆಲಿವಿಷನ್ನಿನಿಂದ ಹೊರಟು, ನೆರೆಯವನು ದೊಣ್ಣೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾನೆ. ದೊಡ್ಡ ಕಂಡೆನ್ಸರನ್ನು ಮುಟ್ಟಿದವನ ಕೂದಲು ಮುಳ್ಳುಹಂದಿಯಂತೆ ನೆಟ್ಟಗೆ ನಿಂತಿದೆ. ಇಷ್ಟೇ. ಮಾತು ಒಂದು ಸಾಲು. ಎಷ್ಟೋ ವೇಳೆ ಅದೂ ಇಲ್ಲ. ಆದುದರಿಂದಲೇ ಗಂಗಾವತಿಯ ಗೋಡೆಯ ಮೇಲೂ ಅವು ಅರ್ಥವಾಗುತ್ತಿದ್ದವು.

ಈ ಚಿತ್ರಗಳಿಗೂ ಒಂದು ವಂಶಾವಳಿ ಉಂಟು. ಅಮೆರಿಕೆಯ ಹವ್ಯಾಸಿ ರೇಡಿಯೋದವರ ಸಂಘ 1915ರ ಡಿಸೆಂಬರಿನಲ್ಲಿ ‘ಕ್ಯೂ.ಎಸ್.ಟಿ.’ ಎಂಬ ಪತ್ರಿಕೆಯನ್ನು ಆರಂಭಿಸಿತು. ಎಲ್ಲ ನಿಲಯಗಳಿಗೂ ಕರೆ ಎಂಬುದು ತಂತಿಯವರ ಸಂಕೇತದಲ್ಲಿ ಆ ಮೂರಕ್ಷರಗಳ ಅರ್ಥ. ಅದರ ಪುಟಗಳಲ್ಲಿ ಫಿಲಿಪ್ ಗಿಲ್ಡರ್‌ಸ್ಲೀವ್ ಎಂಬವನು ‘ಗಿಲ್’ ಎಂದು ರುಜು ಹಾಕಿ ದಶಕಗಳ ಕಾಲ ಹವ್ಯಾಸಿಗಳನ್ನು ಚಿತ್ರಿಸಿದ. ಅವನೂ ಸ್ವತಃ ಪರವಾನಗಿ ಪಡೆದ ಹವ್ಯಾಸಿಯೇ; ಹೊರಗೆ ನಿಂತು ಕಲ್ಲೆಸೆದವನಲ್ಲ, ಒಳಗೆ ಕುಳಿತು ಕಚಗುಳಿಯಿಟ್ಟವನು. ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ 1954ರ ಅಕ್ಟೋಬರಿನಲ್ಲಿ ಹೊರಟಿತು. ಜಾನ್ ಟಿ. ಫ್ರೈ ಎಂಬ ಲೇಖಕ ಅದರಲ್ಲಿ ಕಾರ್ಲ್ ಮತ್ತು ಜೆರ್ರಿ ಎಂಬಿಬ್ಬರು ಹುಡುಗರ ಕಥೆಯನ್ನು ತಿಂಗಳು ತಿಂಗಳೂ ಹತ್ತು ವರ್ಷ ನಡೆಸಿದ. ಕಳ್ಳನನ್ನು ಹಿಡಿಯುವುದರಿಂದ ಹಿಡಿದು ನೆರೆಯವರನ್ನು ಬೇಸ್ತು ಬೀಳಿಸುವವರೆಗೆ ಆ ಹುಡುಗರು ಮಾಡುವುದೆಲ್ಲ ತಂತಿ, ವಾಲ್ವುಗಳಿಂದಲೇ. ಅದೇ ಲೇಖಕ ಬೇರೊಂದು ಪತ್ರಿಕೆಯಲ್ಲಿ ಮ್ಯಾಕ್ ಎಂಬ ರಿಪೇರಿಯವನನ್ನೂ ಬಾರ್ನಿ ಎಂಬ ಅವನ ಸಹಾಯಕನನ್ನೂ ಸೃಷ್ಟಿಸಿದ. ಗುರುಶಿಷ್ಯರ ಸಂವಾದದಲ್ಲಿ ಜ್ಞಾನವನ್ನು ಹೇಳುವ ಕ್ರಮ ಉಪನಿಷತ್ತಿನಿಂದ ರೇಡಿಯೋ ಅಂಗಡಿಯವರೆಗೆ ಬದಲಾಗಿಲ್ಲವೆಂಬುದು ನನ್ನಂಥ ಮೇಷ್ಟರಿಗೆ ಸಮಾಧಾನದ ಸಂಗತಿ.

ಇನ್ನು ಹ್ಯೂಗೋ ಗರ್ನ್ಸ್‌ಬ್ಯಾಕ್. ಲಕ್ಸೆಂಬರ್ಗಿನಲ್ಲಿ ಹುಟ್ಟಿ ಅಮೆರಿಕೆಗೆ ಹೋಗಿ, 1908ರಲ್ಲಿ ‘ಮಾಡರ್ನ್ ಎಲೆಕ್ಟ್ರಿಕ್ಸ್’, 1926ರಲ್ಲಿ ವೈಜ್ಞಾನಿಕ ಕಥೆಗಳಿಗೇ ಮೀಸಲಾದ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಗಳನ್ನು ಹೊರಡಿಸಿದ ಮಹಾನುಭಾವ. ಇವನ ರೇಡಿಯೋ ಪತ್ರಿಕೆಗಳ ಏಪ್ರಿಲ್ ಸಂಚಿಕೆಯಲ್ಲಿ ಮೊಹಮ್ಮದ್ ಯುಲಿಸೀಸ್ ಫಿಪ್ಸ್ ಎಂಬ ವಿಚಿತ್ರ ಹೆಸರಿನ ಪಂಡಿತ ಯಾವುದಾದರೊಂದು ಅದ್ಭುತ ಯಂತ್ರವನ್ನು ನಕ್ಷೆಸಮೇತ ಗಂಭೀರವಾಗಿ ವರ್ಣಿಸುತ್ತಿದ್ದ. ಆ ಪಂಡಿತ ಬೇರೆ ಯಾರೂ ಅಲ್ಲ, ಸಂಪಾದಕನೇ. ಇದೇ ಪರಂಪರೆಯಲ್ಲಿ 1972ರಲ್ಲಿ ಸಿಗ್ನೆಟಿಕ್ಸ್ ಎಂಬ ಕಂಪನಿಯ ಇಂಜಿನಿಯರುಗಳು ಒಂದು ಹೊಸ ಸ್ಮೃತಿಕೋಶದ ವಿವರಪತ್ರವನ್ನು ಅಚ್ಚು ಹಾಕಿಸಿದರು. ಅದರ ವೈಶಿಷ್ಟ್ಯವೆಂದರೆ ಅದರಲ್ಲಿ ಬರೆಯಬಹುದು, ಬರೆದದ್ದನ್ನು ಎಂದಿಗೂ ಓದಲಾಗದು. ಜೊತೆಗೆ ಒಂದು ಗಂಭೀರವಾದ ರೇಖಾಚಿತ್ರ: ಆ ಬಿಡಿಭಾಗವನ್ನು ಎಷ್ಟು ಸಲ ಸಾಕೆಟ್ಟಿಗೆ ತುರುಕಿದರೆ ಎಷ್ಟು ಕಾಲುಗಳು ಮುರಿಯದೆ ಉಳಿಯುತ್ತವೆ ಎಂಬುದಕ್ಕೆ. ಇದನ್ನು ಓದಿದಾಗ ನನಗೆ ಹೊಸದೆನ್ನಿಸಲಿಲ್ಲ. ಬರೆಯುವುದಷ್ಟೇ ಸಾಧ್ಯವಾಗಿ ಓದುವುದು ಸಾಧ್ಯವಾಗದ ಕೃತಿಗಳನ್ನು ಪ್ರತಿ ಮಾರ್ಚ್ ತಿಂಗಳಲ್ಲಿಯೂ ನಾನು ಕಟ್ಟುಕಟ್ಟಾಗಿ ಮೌಲ್ಯಮಾಪನ ಮಾಡುತ್ತೇನೆ.

ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇವರೆಲ್ಲ ಯಂತ್ರದ ಒಳಗನ್ನು ಬಲ್ಲವರು. ಒಂದು ಲೋಟ ನೀರು ಕುಡಿಯಲು ಇಪ್ಪತ್ತು ಗಾಲಿ, ಎರಡು ಗಿಳಿ, ಒಂದು ಮೇಕೆಗಳನ್ನು ಬಳಸುವಂಥ ಯಂತ್ರಗಳನ್ನು ಚಿತ್ರಿಸಿ ಪ್ರಸಿದ್ಧನಾದ ರೂಬ್ ಗೋಲ್ಡ್‌ಬರ್ಗ್ ಕೂಡ ಕ್ಯಾಲಿಫೋರ್ನಿಯಾದಲ್ಲಿ ಇಂಜಿನಿಯರಿಂಗ್ ಪದವಿ ಪಡೆದು, ಸ್ಯಾನ್‌ಫ್ರಾನ್ಸಿಸ್ಕೋ ನಗರದ ನೀರು ಮತ್ತು ಚರಂಡಿ ಇಲಾಖೆಯಲ್ಲಿ ಕೆಲಕಾಲ ದುಡಿದವನು. ಗೊತ್ತಿಲ್ಲದವನ ನಗೆ ಅಪಹಾಸ್ಯ. ಗೊತ್ತಿರುವವನ ನಗೆ ಸಲಿಗೆ. ಹೆಂಡತಿಯ ಅಡುಗೆಯನ್ನು ಗಂಡ ಹಾಸ್ಯ ಮಾಡುವುದಕ್ಕೂ ನೆಂಟ ಹಾಸ್ಯ ಮಾಡುವುದಕ್ಕೂ ಎಷ್ಟು ಅಂತರವಿದೆಯೋ ಇಲ್ಲಿಯೂ ಅಷ್ಟೇ ಅಂತರ. (ಎರಡೂ ಅಪಾಯಕರವೆಂಬುದು ಬೇರೆ ಮಾತು.)

ನಮ್ಮಲ್ಲಿ ಹೇಗೆ? ಕರ್ನಾಟಕದಲ್ಲಿ ರೇಡಿಯೋ ಹುಟ್ಟಿದ್ದೇ ಒಂದು ಮನೆಯಲ್ಲಿ, ಹವ್ಯಾಸದ ಫಲವಾಗಿ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟಿನ ಪುಟ್ಟ ಪ್ರೇಷಕವನ್ನಿಟ್ಟು ಪ್ರಸಾರ ಆರಂಭಿಸಿದರು. ಇಂದಿನ ಒಂದು ಹಳೆಯ ಕಾಲದ ಮಲಗುವ ಕೋಣೆಯ ಬಲ್ಬಿನಷ್ಟು ಶಕ್ತಿ! ಆ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ಅಲ್ಲಿ ಅವರಿಗೆ ಸಹಾಯಕರಾಗಿದ್ದ ನಾ. ಕಸ್ತೂರಿಯವರೆಂದು ಪ್ರತೀತಿ. ಕಸ್ತೂರಿಯವರು ಯಾರು? ಕೇರಳದಲ್ಲಿ ಹುಟ್ಟಿ, ಮೈಸೂರಿಗೆ ಬಂದು ಕನ್ನಡ ಕಲಿತು, ಪದಗಳನ್ನೆಲ್ಲ ಬುಡಮೇಲು ಮಾಡಿ ‘ಅನರ್ಥಕೋಶ’ ಬರೆದ ಹಾಸ್ಯಗಾರರು. ಭಾರತದ ರೇಡಿಯೋವಿಗೆಲ್ಲ ಅನಂತರ ಸಂದ ಆ ಗಂಭೀರ ನಾಮಧೇಯದ ತೊಟ್ಟಿಲ ಬಳಿ ಒಬ್ಬ ನಗೆಗಾರ ನಿಂತಿದ್ದನೆಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಡಾಕ್ಟರ್ ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’ಯವರು, 1942ರಲ್ಲಿ ‘ಕೊರವಂಜಿ’ಯನ್ನು ಹೊರಡಿಸಿದಾಗ, ಕಾಲೇಜು ವಿದ್ಯಾರ್ಥಿಯಾಗಿದ್ದ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಇಪ್ಪತ್ತೈದು ವರ್ಷ ನಡೆದ ಆ ಪತ್ರಿಕೆ ನಮಗೆ ನಮ್ಮನ್ನೇ ನೋಡಿ ನಗುವುದನ್ನು ಕಲಿಸಿತು.

ಆದರೆ ನನಗೆ ಕಾಣುವಂತೆ ನಮ್ಮ ಬರೆಹದ ಹಾಸ್ಯ ರೇಡಿಯೋ ಕೇಳುವವನನ್ನು ಕುರಿತದ್ದೇ ಹೊರತು, ಅದರ ಬೆನ್ನಿನ ರಟ್ಟನ್ನು ತೆಗೆದವನನ್ನು ಕುರಿತದ್ದಲ್ಲ. ಎರಡನೆಯ ಬಗೆಯ ಹಾಸ್ಯ ನಮ್ಮಲ್ಲಿ ಅಂಗಡಿಯ ಬಾಯಲ್ಲೇ ಉಳಿಯಿತು, ಅಚ್ಚಿಗೆ ಬರಲಿಲ್ಲ. ನಾನು ಕಂಡದ್ದನ್ನೊಂದು ಹೇಳುತ್ತೇನೆ.

ರೇಡಿಯೋವಿನೊಳಗೆ ರೆಸಿಸ್ಟರ್ ಎಂಬ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ವಸ್ತುವಿನ ಮೈಮೇಲೆ ಬಣ್ಣದ ಪಟ್ಟೆಗಳಿರುತ್ತವೆ. ಕಪ್ಪು ಸೊನ್ನೆ, ಕಂದು ಒಂದು, ಕೆಂಪು ಎರಡು, ಕಿತ್ತಳೆ ಮೂರು, ಹಳದಿ ನಾಲ್ಕು, ಹಸಿರು ಐದು, ನೀಲಿ ಆರು, ನೇರಳೆ ಏಳು, ಬೂದು ಎಂಟು, ಬಿಳಿ ಒಂಬತ್ತು. ಮೊದಲೆರಡು ಪಟ್ಟೆ ಅಂಕಿಗಳು; ಮೂರನೆಯದು ಮುಂದೆ ಎಷ್ಟು ಸೊನ್ನೆ ಹಚ್ಚಬೇಕೆಂಬುದರ ಲೆಕ್ಕ. ಅಕ್ಷರಗಳಲ್ಲಿ ಅಂಕಿಗಳನ್ನು ಅಡಗಿಸುವ ನಮ್ಮ ಕಟಪಯಾದಿ ಸೂತ್ರದಂತೆ ಇದು ಬಣ್ಣಗಳ ಕಟಪಯಾದಿ. ಮಾವನಿಗೆ ಇದು ಎಷ್ಟು ಕರತಲಾಮಲಕವಾಗಿತ್ತೆಂದರೆ ಬಣ್ಣವೇ ಅವರಿಗೆ ಕಾಣುತ್ತಿರಲಿಲ್ಲ, ಅಂಕಿ ಕಾಣುತ್ತಿತ್ತು. ಒಮ್ಮೆ ಯುಗಾದಿಗೆ ಅತ್ತೆಯನ್ನು ಜವಳಿ ಅಂಗಡಿಗೆ ಕರೆದೊಯ್ದಿದ್ದಾರೆ. ಅತ್ತೆ ಒಂದು ಇಳಕಲ್ ಸೀರೆಯನ್ನು ಬಿಡಿಸಿ, “ಹ್ಯಾಂಗ ಐತ್ರಿ?” ಎಂದು ಕೇಳಿದ್ದಾರೆ. ಅಂಚಿನಲ್ಲಿ ಹಳದಿ, ನೇರಳೆ, ಕೆಂಪು ಪಟ್ಟೆಗಳು. ಮಾವ ಕಣ್ಣರಳಿಸಿ, “ನಾಕು ಸಾವಿರದ ಏಳ್ನೂರು ಓಂ!” ಎಂದರಂತೆ. ಜವಳಿಯವನು ಎದೆಯ ಮೇಲೆ ಕೈಯಿಟ್ಟು, “ಅಯ್ಯೋ ಸರ, ಇದು ನಾನೂರ ಐವತ್ತು,” ಎಂದ. ಅತ್ತೆಗೆ ‘ಓಂ’ ಒಂದೇ ಕೇಳಿಸಿತ್ತು. ಗಂಡನಿಗೆ ಭಕ್ತಿ ಉಕ್ಕಿ ಬಂತೆಂದು ಭಾವಿಸಿ, ಶುಭಶಕುನವೆಂದು ಆ ಸೀರೆಯನ್ನೇ ತೆಗೆದುಕೊಂಡರು. ಜರ್ಮನಿಯ ಓಮ್ ಮಹಾಶಯ ತನ್ನ ಹೆಸರಿನಿಂದ ಸಾಣಾಪುರದಲ್ಲಿ ಒಂದು ಸೀರೆ ಮಾರಾಟವಾದೀತೆಂದು ಕನಸಿನಲ್ಲಿಯೂ ಎಣಿಸಿರಲಾರ.

ಗೋಡೆಯ ಚಿತ್ರಗಳಿಗೆ ಇನ್ನೊಂದು ಉಪಯೋಗವೂ ಇತ್ತು. ನನಗೆ ಎಂಟೊಂಬತ್ತು ವರ್ಷವಿದ್ದಾಗ, ಪ್ಲಗ್ಗನ್ನು ಕಿತ್ತಿಟ್ಟ ಒಂದು ಹಳೆಯ ವಾಲ್ವ್ ರೇಡಿಯೋವಿನೊಳಗೆ ಕೈ ಹಾಕಲು ಹೋದೆ. ಮಾವ ನನ್ನ ಕೈಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಕೂದಲು ನೆಟ್ಟಗೆ ನಿಂತವನ ಚಿತ್ರದ ಕಡೆಗೆ ಬೆರಳು ತೋರಿಸಿದರು. ಕರೆಂಟು ಹೋದರೂ ದೊಡ್ಡ ಕಂಡೆನ್ಸರು ತಾನುಂಡ ವಿದ್ಯುತ್ತನ್ನು ಸ್ವಲ್ಪ ಹೊತ್ತು ಹೊಟ್ಟೆಯಲ್ಲೇ ಇಟ್ಟುಕೊಂಡು, ಮುಟ್ಟಿದವನಿಗೆ ಕಕ್ಕುತ್ತದೆಂಬುದು ಆಗ ತಿಳಿಯಿತು. ಅನಂತರ ತೋರಿಸಿದ್ದು ಇನ್ನೊಂದು ಚಿತ್ರ: ರಿಪೇರಿಯವನೊಬ್ಬ ಎಡಗೈಯನ್ನು ಜೇಬಿನಲ್ಲಿಟ್ಟು ಬಲಗೈಯಿಂದ ಮಾತ್ರ ಕೆಲಸ ಮಾಡುತ್ತಿದ್ದಾನೆ. ಅದೇನು ಶೋಕಿಯೆಂದು ಕೇಳಿದೆ. “ಶೋಕಿ ಅಲ್ಲಪಾ. ಒಂದು ಕೈಯಿಂದ ಹೊಕ್ಕ ಕರೆಂಟು ಇನ್ನೊಂದು ಕೈಯಿಂದ ಹೊರಗ ಹೋಗಬೇಕಂದ್ರ ನಡುವ ಎದಿ ದಾಟಬೇಕು. ಕೈ ಕಿಸೇದಾಗ ಇದ್ರ ದಾರಿ ಇಲ್ಲ ಅದಕ್ಕ,” ಎಂದರು. ನಾನು ಇಂದಿಗೂ ಮನೆಯ ಸ್ವಿಚ್ಚುಬೋರ್ಡಿನ ಬಳಿಗೆ ಹೋಗುವಾಗ ಎಡಗೈ ತಾನಾಗಿ ಜೇಬಿಗೆ ಹೋಗುತ್ತದೆ. ನೂರು ಉಪದೇಶಗಳನ್ನು ಮರೆತಿದ್ದೇನೆ. ಆ ನಗೆಚಿತ್ರವನ್ನು ಮರೆತಿಲ್ಲ. ರಸವು ನೀತಿಯನ್ನು ಕಾಂತೆಯ ನಲ್ನುಡಿಯಂತೆ ಮನದಟ್ಟು ಮಾಡುತ್ತದೆಂದು ಆಲಂಕಾರಿಕರು ಹೇಳಿದ್ದನ್ನು ನಾನು ಮೊದಲು ಕಲಿತದ್ದು ಗಂಗಾವತಿಯ ರೇಡಿಯೋ ಅಂಗಡಿಯಲ್ಲಿ.

ಹಾಗೆಂದು ಟ್ರಂಕಿನೊಳಗಿನದೆಲ್ಲ ಬಂಗಾರವೆಂದು ನಾನು ಹೇಳಲಾರೆ. ಆ ಚಿತ್ರಗಳಲ್ಲಿ ಹೆಂಗಸರಿಗೆ ಇರುವುದು ಎರಡೇ ಪಾತ್ರ: ತಂತಿಯ ರಾಶಿಯನ್ನು ಕಂಡು ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದು ಒಂದು, ರೇಡಿಯೋವಿನೊಳಗೆ ಪುಟ್ಟ ಮನುಷ್ಯರಿದ್ದಾರೆಂದು ನಂಬುವುದು ಇನ್ನೊಂದು. ಆ ಮಧ್ಯಾಹ್ನ ನಾನೂ ಮಾವನೂ ಪತ್ರಿಕೆಗಳನ್ನು ಹರಡಿಕೊಂಡು ಕುಳಿತಿದ್ದಾಗ ಅತ್ತೆ ಬಂದು ಅಂಥದೊಂದನ್ನು ನೋಡಿದರು. “ಇದನ್ನ ಬರದಾಂವ ಟ್ರಾನ್ಸ್‌ಫಾರ್ಮರ್ ಸುತ್ಯಾನೇನು?” ಎಂದು ಕೇಳಿದರು. ನನಗೆ ಆಗ ನೆನಪಾಯಿತು. ಸುಟ್ಟುಹೋದ ಟ್ರಾನ್ಸ್‌ಫಾರ್ಮರುಗಳನ್ನು ಮಾವ ಗಂಗಾವತಿಯಿಂದ ಚೀಲದಲ್ಲಿ ತರುತ್ತಿದ್ದರು. ರಾತ್ರಿ ಊಟವಾದ ಮೇಲೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು, ಒಂದೂ ತಪ್ಪದಂತೆ ಎಣಿಸಿ ಸುತ್ತುತ್ತಿದ್ದವರು ಅತ್ತೆ. ಬೆಂಗಳೂರಿನ ಐ.ಟಿ.ಐ., ಬಿ.ಇ.ಎಲ್. ಕಾರ್ಖಾನೆಗಳ ಜೋಡಣೆಯ ಮೇಜುಗಳಲ್ಲಿಯೂ ಎಷ್ಟೋ ಮಹಿಳೆಯರು ಇದೇ ಸೂಕ್ಷ್ಮ ಕೆಲಸವನ್ನು ಮಾಡಿದವರಲ್ಲವೆ? ಅವರು ಯಾವ ನಗೆಚಿತ್ರದಲ್ಲಿಯೂ ಇಲ್ಲ. ಅತ್ತೆಯ ಪ್ರಶ್ನೆಗೆ ಮಾವನಲ್ಲಿ ಉತ್ತರವಿರಲಿಲ್ಲ. ಟ್ರಂಕನ್ನು ರದ್ದಿಗೆ ಹಾಕಲು ಅತ್ತೆ ಹೊರಟದ್ದರಲ್ಲಿ ಅನ್ಯಾಯವೇನೂ ಇರಲಿಲ್ಲವೆಂದು ನನಗೆ ಆ ಕ್ಷಣ ಅನ್ನಿಸಿತು.

ಆದರೂ ಆ ಗೋಡೆಯ ಪಕ್ಷವಾಗಿ ಒಂದು ಸಾಕ್ಷ್ಯವಿದೆ. ಹಂಪಿಯ ಎದುರು ದಡದ ವಿರೂಪಾಪುರಗಡ್ಡೆಯಲ್ಲಿ ಆಗ ವಿದೇಶೀಯರು ತಿಂಗಳುಗಟ್ಟಲೆ ಇರುತ್ತಿದ್ದರು. ಅವರಲ್ಲಿ ಒಬ್ಬ ಬಿಳಿಗಡ್ಡದವನು ಸದ್ದಡಗಿದ ತನ್ನ ಪುಟ್ಟ ರೇಡಿಯೋವನ್ನು ಹಿಡಿದು ಮಾವನ ಅಂಗಡಿಗೆ ಬಂದ. ನಾನೂ ಅಲ್ಲಿದ್ದೆ. ಅವನ ಇಂಗ್ಲೀಷು ಮಾವನ ಇಂಗ್ಲೀಷಿಗಿಂತ ಹೆಚ್ಚೇನೂ ಇರಲಿಲ್ಲ. ಮಾವ ರೇಡಿಯೋ ಬಿಚ್ಚಿದರು. ಆತ ಗೋಡೆ ನೋಡುತ್ತ ನಿಂತ. ಇದ್ದಕ್ಕಿದ್ದಂತೆ ಬೊಗಸೆ ಬಿಡಿಭಾಗ ಉಳಿದವನ ಚಿತ್ರದ ಮುಂದೆ ನಿಂತು ನಗತೊಡಗಿದ. ಮಾವ ತಲೆಯೆತ್ತಿ ನೋಡಿದರು. ಏನೂ ಮಾತನಾಡದೆ ಮೇಜಿನ ಖಾನೆಯನ್ನು ಎಳೆದು, ಮೂವತ್ತು ವರ್ಷಗಳಿಂದ ಯಾವ ಯಾವ ರೇಡಿಯೋಗಳಲ್ಲಿಯೋ ಉಳಿದುಹೋದ ಸ್ಕ್ರೂಗಳು ತುಂಬಿದ್ದ ಒಂದು ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಆತ ಡಬ್ಬಿಯನ್ನು ನೋಡಿದ, ಚಿತ್ರವನ್ನು ನೋಡಿದ, ಮಾವನನ್ನು ನೋಡಿದ. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಚಹಾ ತರಿಸಿದ್ದಾಯಿತು. ರೇಡಿಯೋ ಸರಿಯಾಯಿತು. ಮಾವ ಹಣ ತೆಗೆದುಕೊಳ್ಳಲಿಲ್ಲ. ಹೋಗುವಾಗ ಆತ ಕೈಮುಗಿದು, ತನ್ನ ರೇಡಿಯೋವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಸ್ಕ್ರೂ ಏನಾದರೂ ಒಳಗೆ ಉಳಿಯಿತೇ ಎಂದು ಪರೀಕ್ಷಿಸುವವನಂತೆ ಅಭಿನಯಿಸಿದ. ಮತ್ತೆ ನಗು.

ಈಗ ಮಾವನಿಗೆ ಎಪ್ಪತ್ತನಾಲ್ಕು. ಸಾವಿರಾರು ರೇಡಿಯೋಗಳ ಗೊರಗೊರ ಸದ್ದಿನಲ್ಲಿ ದೋಷದ ಕುರುಹನ್ನು ಹಿಡಿಯುತ್ತಿದ್ದ ಕಿವಿ ಮಂದವಾಗಿದೆ. ಬೆಂಗಳೂರಿನಲ್ಲಿರುವ ಮಗಳು ಒಂದು ಶ್ರವಣಯಂತ್ರ ಕೊಡಿಸಿದ್ದಾಳೆ. ಕಡಲೆಬೀಜದಷ್ಟು ಗಾತ್ರ, ಬೆಲೆ ಮಾತ್ರ ಒಂದು ಎಮ್ಮೆಯದು. ಟ್ರಾನ್ಸಿಸ್ಟರಿಗೂ ಕಿವುಡರಿಗೂ ಹಳೆಯ ನಂಟೆಂಬುದನ್ನು ಇಲ್ಲಿ ನೆನೆಯಬೇಕು. ಟ್ರಾನ್ಸಿಸ್ಟರು 1947ರ ಡಿಸೆಂಬರಿನಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಜನರ ಕೈಗೆ ಅದು ಮೊದಲು ಬಂದದ್ದು ರೇಡಿಯೋವಿನಲ್ಲಿ ಅಲ್ಲ, 1953ರ ಹೊತ್ತಿಗೆ ಶ್ರವಣಯಂತ್ರದಲ್ಲಿ. ಟ್ರಾನ್ಸಿಸ್ಟರ್ ರೇಡಿಯೋ ಬಂದದ್ದು 1954ರ ಕೊನೆಗೆ. ಜೀವಮಾನವೆಲ್ಲ ಕಿವುಡರಿಗಾಗಿ ಶ್ರಮಿಸಿದ ಗ್ರಹಾಂ ಬೆಲ್ಲನ ನೆನಪಿಗಾಗಿ ಆ ಸಂಸ್ಥೆ ಶ್ರವಣಯಂತ್ರದವರಿಂದ ಗೌರವಧನವನ್ನೂ ಕೇಳಲಿಲ್ಲ.

ಮಾವನ ಯಂತ್ರ ಒಂದು ದಿನ ಸುಮ್ಮನಾಯಿತು. ಅವರು ಅದನ್ನು ಅಂಗೈಯಲ್ಲಿಟ್ಟು ಒಂದು ಗಂಟೆ ತಿರುಗಿಸಿ ತಿರುಗಿಸಿ ನೋಡಿದರು. ಸ್ಕ್ರೂ ಇಲ್ಲ; ಸಂದು ಇಲ್ಲ; ಬಿಚ್ಚಿದರೆ ಗ್ಯಾರಂಟಿ ಇಲ್ಲವೆಂಬ ಕಾಗದ ಮಾತ್ರ ಇದೆ. ಕೊಂಡ ಅಂಗಡಿಗೆ ಕೊಟ್ಟರು. ಮೂರು ವಾರದ ಮೇಲೆ ಹೊಸದೊಂದು ಬಂತು. ಮಾವ ಅಂಗಡಿಯ ಹುಡುಗನನ್ನು ಕೇಳಿದರು: ಹಳೆಯದರಲ್ಲಿ ಏನು ಕೆಟ್ಟಿತ್ತು? ಆ ಹುಡುಗ ವಿನಯವಾಗಿಯೇ, ಅದು ಗೊತ್ತಾಗುವುದಿಲ್ಲ, ಕಂಪನಿಯವರು ಬಿಚ್ಚುವುದಿಲ್ಲ, ಹೊಸದು ಕಳಿಸುತ್ತಾರೆ ಎಂದ.

“ಹೊಸಾದು ಬಂತಲ್ಲ ಮಾಮಾ, ರೊಕ್ಕನೂ ಕೇಳಲಿಲ್ಲ. ಇನ್ನೇನು ಚಿಂತಿ?” ಎಂದೆ ನಾನು.

ಮಾವ ಬಹಳ ಹೊತ್ತು ಸುಮ್ಮನಿದ್ದರು. “ಅಲ್ಲೋ ಅಳಿಯಾ, ಒಂದು ಜೀವ ಹೋತಂದ್ರ ಯಾಕ ಹೋತು ಅಂತ ನಾಕು ಮಂದಿ ಕೂತು ಮಾತಾಡ್ತೀವಿಲ್ಲೋ. ಇದಕ್ಕ ಏನಾಗಿತ್ತಂತ ಕೇಳವರೂ ಇಲ್ಲ, ಹೇಳವರೂ ಇಲ್ಲ,” ಎಂದರು.

ಅವರ ಸಂಕಟ ನನಗೆ ಆಗ ಅರ್ಥವಾಯಿತು. ನಮ್ಮ ಜೇಬಿನ ಫೋನು ಹಳೆಯ ರೇಡಿಯೋಗಿಂತ ಸಾವಿರ ಪಾಲು ಚತುರ. ನನಗೆ ಅದರ ಮೇಲೆ ಸಿಟ್ಟಿಲ್ಲ. ಸಣ್ಣದಾಗಬೇಕು, ನೀರಿಗೆ ನಿಲ್ಲಬೇಕು ಎಂದರೆ ಅಂಟು ಹಾಕಿ ಮುಚ್ಚಲೇಬೇಕಾದೀತು. 2022ರಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕಿ’ಗಾಗಿ ಒಂದು ಸಮಿತಿಯನ್ನೇ ನೇಮಿಸಿದ್ದನ್ನು ನೋಡಿದರೆ, ಕೊಂಡವನಿಗೆ ಬಿಚ್ಚುವ ಅಧಿಕಾರವೂ ಇರಬೇಕೆಂದು ತಿಳಿದವರಿಗೆ ತೋರಿದೆ. ಆದರೆ ಕಾಯಿದೆಯ ಮಾತನ್ನು ಕಾಯಿದೆಯವರಿಗೆ ಬಿಡೋಣ. ನನ್ನ ಚಿಂತೆ ನಗೆಯದು. ಮುಚ್ಚಿದ ಪೆಟ್ಟಿಗೆಯ ಮುಂದೆ ಮನುಷ್ಯನಿಗೆ ಎರಡೇ ಭಾವ: ಕೆಲಸ ಮಾಡಿದರೆ ಭಕ್ತಿ, ಮಾಡದಿದ್ದರೆ ಕ್ರೋಧ. ನಗು ಬರಬೇಕಾದರೆ ಬೆನ್ನಿನ ರಟ್ಟು ತೆಗೆದು ಒಳಗೆ ನೋಡಿರಬೇಕು. ಒಮ್ಮೆಯಾದರೂ ಬೆರಳು ಸುಟ್ಟುಕೊಂಡಿರಬೇಕು. ಒಂದು ಸ್ಕ್ರೂ ಉಳಿದುಹೋಗಿರಬೇಕು. ಇಂದು ಫೋನಿನ ಮೇಲೆ ನಗೆಚಿತ್ರಗಳು ಇಲ್ಲದಿಲ್ಲ. ಆದರೆ ಅವೆಲ್ಲ ಫೋನು ನೋಡುತ್ತ ಗುಂಡಿಗೆ ಬೀಳುವವನ ಮೇಲೆ. ಫ್ರೈ, ಗಿಲ್ ಮೊದಲಾದವರು ಯಂತ್ರದೊಡನೆ ನಕ್ಕರು. ಈಗ ಯಂತ್ರವೇ ನಮ್ಮನ್ನು ನೋಡಿ ನಗುತ್ತಿದೆಯೋ ಏನೋ.

ರಜೆ ಮುಗಿದು ನಾನು ಹೊರಡುವ ದಿನ ಮಾವ ಒಂದು ಕಾಗದವನ್ನು ಕೈಗಿತ್ತರು. ಶ್ರವಣಯಂತ್ರದ ಗ್ಯಾರಂಟಿ ಪತ್ರ. ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಅವರೇ ಬರೆದ ಚಿತ್ರ. ಗೆರೆಗಳು ನಡುಗಿವೆ, ಆದರೆ ಸರ್ಕ್ಯೂಟಿನ ನಕ್ಷೆ ಬರೆದು ಪಳಗಿದ ಕೈ. ಯಮನ ಒಡ್ಡೋಲಗ. ಸಿಂಹಾಸನದ ಪಕ್ಕದಲ್ಲಿ ದೊಡ್ಡ ಪುಸ್ತಕ ಹಿಡಿದ ಚಿತ್ರಗುಪ್ತ. ಎದುರಿಗೆ ಸ್ಕ್ರೂಡ್ರೈವರು ಹಿಡಿದ ಒಬ್ಬ ಮುದುಕ, ಎಡಗೈ ಜೇಬಿನಲ್ಲಿದೆ. ಅವನ ಎದೆಯ ಮೇಲೆ ಒಂದು ಚೀಟಿ: ‘ಬಿಚ್ಚಿದರೆ ಗ್ಯಾರಂಟಿ ಇಲ್ಲ.’ ಮುದುಕ ಕೇಳುತ್ತಿದ್ದಾನೆ, “ಏನ್ ಕೆಟ್ಟಿತ್ತು ಅಷ್ಟು ಹೇಳ್ರಿ, ಸಾಕು.” ಚಿತ್ರಗುಪ್ತ ಪುಸ್ತಕದಿಂದ ತಲೆಯೆತ್ತದೆ ಹೇಳುತ್ತಿದ್ದಾನೆ, “ಗೊತ್ತಿಲ್ಲ. ಹೊಸ ಜನ್ಮ ಕೊಡ್ತೀವಿ.”

ನಾನು ನಕ್ಕೆ. ಮಾವನೂ ನಕ್ಕರು. ನಗು ನಿಂತ ಮೇಲೆ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಅಷ್ಟರಲ್ಲಿ ಅತ್ತೆ ಬಂದು ಕಾಗದವನ್ನು ಇಸಕೊಂಡು ನೋಡಿ, “ನಾ ಎಲ್ಲಿ ಅದೀನಿ ಇದರಾಗ?” ಎಂದರು. ಮಾವ ಪೆನ್ಸಿಲು ತೆಗೆದುಕೊಂಡು, ಯಮನ ಬಾಗಿಲ ಬಳಿ ಒಂದು ಮಣೆ ಹಾಕಿ, ಅದರ ಮೇಲೆ ಸೊಂಟಕ್ಕೆ ಸೆರಗು ಸಿಗಿಸಿ ಕುಳಿತು ತಾಮ್ರದ ತಂತಿ ಸುತ್ತುತ್ತಿರುವ ಒಬ್ಬಾಕೆಯನ್ನು ಬರೆದರು. ಅತ್ತೆ ಅದನ್ನು ದೂರ ಹಿಡಿದು ನೋಡಿ, ಹತ್ತಿರ ಹಿಡಿದು ನೋಡಿ, “ಸೀರಿ ಅಂಚು ಬರದಿಲ್ಲ,” ಎಂದರು.

ಟ್ರಂಕು ಈಗ ಗಂಗಾವತಿಯಲ್ಲಿ ನನ್ನ ಮನೆಯಲ್ಲಿದೆ. ಈ ರದ್ದಿಯನ್ನು ಎಲ್ಲಿಡುವುದೆಂದು ನನ್ನ ಹೆಂಡತಿ ದಿನಕ್ಕೊಮ್ಮೆ ಕೇಳುತ್ತಾಳೆ. ಆರು ವರ್ಷದ ಮಗ ಮಾತ್ರ ಕೂದಲು ನೆಟ್ಟಗೆ ನಿಂತವನ ಚಿತ್ರವನ್ನು ನೋಡಿ ನೋಡಿ ನಗುತ್ತಾನೆ. ನಿನ್ನೆ ಅವನು ಕೆಟ್ಟುಹೋದ ಅಲಾರಾಂ ಗಡಿಯಾರವೊಂದನ್ನು ಹಿಡಿದು ನನ್ನ ಮೇಜಿನ ಬಳಿಗೆ ಬಂದ. ನಾನು ಉತ್ತರಪತ್ರಿಕೆಗಳನ್ನು ಬದಿಗೆ ಸರಿಸಿ ಸ್ಕ್ರೂಡ್ರೈವರು ಹುಡುಕಿದೆ. ಒಂದು ಗಂಟೆ ಹೆಣಗಿದೆವು. ಗಡಿಯಾರ ನಡೆಯಲಿಲ್ಲ. ಆದರೆ ಮೇಜಿನ ಮೇಲೆ ಎರಡು ಸ್ಕ್ರೂ ಉಳಿದಿವೆ. ಅವಕ್ಕೊಂದು ಡಬ್ಬಿ ಬೇಕೆಂದು ಮಗ ಅಡುಗೆಮನೆಗೆ ಹೋಗಿದ್ದಾನೆ.